ಕದ್ದು ನೆಟ್ಟ ಹತ್ತು ಗುಂಟೆ

ಜನವರಿ 17, ಶುಕ್ರವಾರ

ಮಗ ನಾಗರಾಜು ಕೆಲಸ ಮಾಡುವ ಹಾಲಿನ ಡೈರಿಯಲ್ಲಿ ಪ್ರತಿ ಹೊಸ ವರ್ಷಕ್ಕೆ ಇಂಥದೊಂದು ಪುಸ್ತಕ ಕೊಡುತ್ತಾರೆ. ನನ್ನ ಹೆಂಡತಿ ಮಲ್ಲಿಗಮ್ಮ ಅದನ್ನು ಟ್ರಂಕಿನಲ್ಲಿ ಎತ್ತಿಡುತ್ತಿದ್ದಳು. ಈ ವರ್ಷ ಎತ್ತಿಡುವವರಿಲ್ಲದೆ ನನ್ನ ಕೈಗೆ ಬಂತು. ಹತ್ತನೇ ತರಗತಿಗೆ ಓದು ಬಿಟ್ಟವನು ನಾನು, ಬರೆಯುವ ರೂಢಿಯಿಲ್ಲ. ಆದರೆ ಈ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳು. ನನ್ನದು ಹೂಂ ಅನ್ನುವ ಕೆಲಸ ಅಷ್ಟೆ. ಅವಳು ಹೋಗಿ ಎರಡು ತಿಂಗಳಾಯಿತು. ಈಗ ಹೂಂ ಅನ್ನುವುದಕ್ಕೂ ಏನಿಲ್ಲ.

ಬೆಳಿಗ್ಗೆ ಹಿತ್ತಲಿಗೆ ಹೋದರೆ ಎದುರು ಮನೆಯ ಅಂಕಮ್ಮ ಮಲ್ಲಿಗಮ್ಮನ ಗಿಡಗಳ ನಡುವೆ ಬಗ್ಗಿ ನಿಂತಿದ್ದಳು. ನನ್ನನ್ನು ಕಂಡವಳೇ ಕೈಯಲ್ಲಿದ್ದ ದೊಡ್ಡಪತ್ರೆಯ ಕೊಂಬೆಯನ್ನು ಸೆರಗಿಗೆ ತುರುಕಿದಳು.

"ಏನಮ್ಮ ಅದು?"

"ಏನಿಲ್ಲ ಕಣಣ್ಣ."

"ಸೆರಗಲ್ಲಿ ಏನದೆ?"

"ಸೆರಗಲ್ಲಿ ಏನಿರ್ತದೆ, ಗಾಳಿ ಅದೆ. ಕಾಪಿ ಆಯ್ತಾ ಮರಿಯಣ್ಣ?"

"ಬೇಕಿದ್ರೆ ಕೇಳಿ ಇಸ್ಕೊಂಡೋಗು. ಕದಿಯೋದ್ಯಾಕೆ?"

ಅವಳು ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದಳು. "ಮದ್ದಿಗೆ ಸೊಪ್ಪಾದ್ರೆ ಕೇಳಿ ಇಸ್ಕೋಬೌದು. ನೆಡಾಕೆ ಕೊಂಬೆ ಕೇಳಿ ಇಸ್ಕೊಂಡ್ರೆ ಬೇರು ಬುಡ್ತದಾ? ಕದ್ದು ನೆಟ್ರೇ ಅಲ್ವಾ ಗಿಡ ಬರೋದು. ಇಷ್ಟ್ ವರ್ಸ ಅವ್ಳ ಜೊತೆ ಬಾಳಾಟ ಮಾಡಿ ಇಷ್ಟೂ ಗೊತ್ತಿಲ್ವಾ ನಿಮ್ಗೆ?"

ಹೆಂಗಸರ ಈ ನಂಬಿಕೆ ನಾನೂ ಕೇಳಿದ್ದೇನೆ. ಆದರೆ ಸತ್ತವಳ ಹಿತ್ತಲಿಗೂ ಬಂದು ಮುರಿಯುವುದೇ? "ಇನ್ಮೇಲೆ ಈ ಕಡೆ ಬರ್ಬೇಡ" ಅಂದೆ. ಎರಡು ತಿಂಗಳಲ್ಲಿ ನಾನು ಆಡಿದ ಗಟ್ಟಿ ಮಾತು ಇದೇ ಇರಬೇಕು.

ಅವಳ ಗಿಡಗಳನ್ನು ಇನ್ನು ಯಾರೂ ಮುಟ್ಟಬಾರದು.

ಜನವರಿ 23, ಗುರುವಾರ

ಊಟಕ್ಕೆ ಕೂತಾಗ ನಾಗರಾಜು ಮೆಲ್ಲಗೆ ಮಾತು ತೆಗೆದ. ಇನ್ನೆರಡು ಹಸು ತರಬೇಕಂತೆ. ಹಿತ್ತಲಿಗೆ ಸಿಮೆಂಟು ಹಾಕಿಸಿ ಶೀಟಿನ ಕೊಟ್ಟಿಗೆ ಕಟ್ಟಬೇಕಂತೆ. ಅಣ್ಣ ತಿಮ್ಮಯ್ಯನೂ ಬಂದು ಕೂತಿದ್ದ, ಪಕ್ಕದ ಮನೆಯೇ ಅವನದು. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು.

"ಅವ್ವನ ಗಿಡ ಕಿತ್ತಾಕು ಅಂತ ಅವ್ನು ಎಂಗೆ ಏಳ್ತಾನೆ ನಿಂಗೆ? ಅದ್ಕೇ ನಾನ್ ಬಂದೆ" ಅಂದ ಅಣ್ಣ.

ನಾನು ಮುದ್ದೆ ಮುರಿಯುವುದನ್ನು ನಿಲ್ಲಿಸಿದೆ. "ಕೊಟ್ಟಿಗೆ ಕಟ್ಕೊಳ್ಳಿ. ಗಿಡ ಗದ್ದೆಗೋಯ್ತವೆ."

"ಯಾವ್ ಗದ್ದೆಗ್ಲಾ?"

"ನಾಲೆ ಪಕ್ಕದ ಅತ್ತು ಗುಂಟೆಗೆ."

"ಅಲ್ಲಿ ಕಬ್ಬದೆ ಕಣ್ಲಾ!"

"ಕಡ್ದು ಆಗದೆ. ಉಳ್ದಿರೋ ಕೂಳೆ ಬುಡ ಕಿತ್ತಾಕ್ತೀನಿ."

ಅಣ್ಣ ನಗಲು ನೋಡಿದ. "ನಾಲೆ ನೀರು ಅರಿಯೋ ಗದ್ದೇಲಿ ತುಳಸಿ ಬೆಳ್ದೋನ್ನ ಎಲ್ಲಾರ ಕಂಡಿದ್ದೀಯಾ? ಎಂಡ್ರು ಓದ್ಮೇಲೆ ನಿಂಗೆ ತಲೆ ನೆಟ್ಗಿಲ್ಲ."

ಆಗ ಸೊಸೆ ವೀಣ ಅಡುಗೆಮನೆಯಿಂದ ಬಂದಳು. "ಮದ್ದೂರಲ್ಲಿ ಮದ್ದಿನ ಬೇರು ಮಾರೋ ಗ್ರಂಧಿಗೆ ಅಂಗ್ಡಿಯೋರು ಈಗ್ಲೂ ಕೇಳ್ತಾರೆ ದೊಡ್ಡಪ್ಪ. ಅತ್ತೆ ಒಂದೆಲಗ, ಬಜೆ ಎಲ್ಲಾ ಕೊಡ್ತಿದ್ರು. ಜಾಸ್ತಿ ಇದ್ರೆ ಜಾಸ್ತಿ ತಗೋತಾರೆ."

ಅಣ್ಣ ಅವಳ ಕಡೆ ನೋಡಲಿಲ್ಲ. ಜಮೀನು ಇನ್ನೂ ಭಾಗವಾಗಿಲ್ಲ, ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ಇರುವವನು ಅವನೇ. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ, "ಗೌರಿ ಅಬ್ಬದಗಂಟ ಗಡುವು ಕೊಡ್ತೀನಿ. ಅಷ್ಟ್ರಲ್ಲಿ ಅದು ಬೆಳೆ ಅನ್ನಂಗೆ ಕಾಣ್ಬೇಕು. ಇಲ್ದಿದ್ರೆ ಆಳು ಕರ್ಕೊಂಬಂದು ನಾನೇ ಕಬ್ಬು ನೆಡಿಸ್ತೀನಿ."

"ಕಾಣ್ತದೆ" ಅಂದೆ.

ಅಣ್ಣನಿಗೆ ಎದುರಾಡಿದ್ದು ಇದೇ ಮೊದಲು. ಆದರೂ ಮುದ್ದೆ ಪೂರ್ತಿ ತಿಂದೆ.

ಫೆಬ್ರವರಿ 2, ಭಾನುವಾರ

ನಾನು ಮತ್ತು ವೀಣ ಹಿತ್ತಲನ್ನು ಖಾಲಿ ಮಾಡಿದೆವು. ನನಗೆ ಗಿಡಗಳು ಹೆಸರಿನಿಂದ ಗೊತ್ತಿಲ್ಲ. ಇದು ಕೆಮ್ಮಿನದು, ಇದು ಹೊಟ್ಟೆನೋವಿನದು, ಇದು ಸುಟ್ಟ ಗಾಯಕ್ಕೆ, ಇದು ಮುಡಿಯುವುದಕ್ಕೆ. ವೀಣ ಒಂದೊಂದಕ್ಕೂ ಹೆಸರು ಹೇಳುತ್ತಾ ಬುಟ್ಟಿಗೆ ಇಟ್ಟಳು. ಮುಡಿಯುವುದು ಮರುಗ. ಮಲ್ಲಿಗಮ್ಮ ಕನಕಾಂಬರದ ಜೊತೆ ಕಟ್ಟಿ ಮುಡಿಯುತ್ತಿದ್ದಳು. ಕೀಳುವಾಗ ವಾಸನೆ ಬಂತು. ಸ್ವಲ್ಪ ಹೊತ್ತು ಅಲ್ಲೇ ಕೂತೆ. ವೀಣ ಬೇರಿನ ಮಣ್ಣು ಒದರುವವಳ ಹಾಗೆ ಅತ್ತ ತಿರುಗಿಕೊಂಡಳು.

"ಒಂದೊಂದು ಬುಡ ಇಲ್ಲೇ ಕುಂಡದಲ್ಲಿ ಇಡೋಣ್ವಾ ಮಾವ?"

ಬೇಡ ಅಂದೆ. ಇಲ್ಲಿ ಬಿಟ್ಟರೆ ಎಲ್ಲಾ ಅಂಕಮ್ಮನ ಸೆರಗಿಗೆ ಹೋಗುತ್ತವೆ. ಒಂದು ಚಿಗುರನ್ನೂ ಬಿಡದೆ ಗದ್ದೆಗೆ ಸಾಗಿಸಿ, ಸಂಜೆಯೊಳಗೆ ನೆಟ್ಟು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದೆ. ಕೊಪ್ಪದ ಕಡೆಗೆ ಬೈಕಿನಲ್ಲಿ ಹೋಗುತ್ತಿದ್ದ ಯಾರೋ ನಿಲ್ಲಿಸಿ ಕೂಗಿದರು.

"ಸೊಪ್ಪಿಗೆ ಇಂತಾ ಬೇಲಿನಾ ಮರಿಯಣ್ಣ? ಒಳ್ಗೇನು ಚಿನ್ನ ಊತಿದ್ದೀಯಾ?"

"ಊತಿದ್ದೀನಿ, ಓಗು."

ಮುಳ್ಳು ಚುಚ್ಚಿ ಅಂಗೈಯೆಲ್ಲ ರಕ್ತ. ಚುಚ್ಚಲಿ. ಬೇಲಿ ಎಂದರೆ ಹಾಗೇ ಇರಬೇಕು.

ಫೆಬ್ರವರಿ 20, ಗುರುವಾರ

ನಾಲೆಗೆ ಕಟ್ಟು ನೀರು ಬಿಟ್ಟಿದ್ದಾರೆ. ಕೆಲವು ದಿನ ಬಿಟ್ಟು ಮತ್ತೆ ನಿಲ್ಲಿಸಿಬಿಡುತ್ತಾರೆ, ಬಂದಾಗ ತುಂಬಿಸಿಕೊಂಡವನೇ ಜಾಣ. ಅಪ್ಪ ಮಾಡಿದ್ದು ಅದನ್ನೇ, ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಬೆಳಕು ಹರಿಯುವ ಮೊದಲೇ ಸನಿಕೆ ಹಿಡಿದು ಹೋದೆ. ತೂಬು ತೆಗೆದು ಬದುವಿನ ಮಟ್ಟಕ್ಕೆ ನೀರು ಕಟ್ಟಿದೆ. ಗಿಡಗಳ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ಕೆಳಗಿನ ಗದ್ದೆಯವನು "ಸಾಕ್ ಬುಡೋ ಮಾರಾಯ" ಎಂದು ಕೂಗಿದ. "ನನ್ ಪಾಳಿ ಮುಗೀಲಿ ತಡಿ" ಅಂದೆ.

ಸಂಜೆ ಬದುವಿನ ಮೇಲೆ ಕೂತು ನೋಡಿದೆ. ಹತ್ತು ಗುಂಟೆಯೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದನ್ನು ಅವಳಿಗೆ ತೋರಿಸಬೇಕಿತ್ತು. ಅವಳು ಚೊಂಬಿನಲ್ಲಿ ಒಂದೊಂದು ಬುಡಕ್ಕೆ ನೀರು ಹಾಕುತ್ತಿದ್ದಳು. ನಾನು ನಾಲೆಯನ್ನೇ ತಂದೆ.

ಫೆಬ್ರವರಿ 24, ಸೋಮವಾರ

ಎಲೆ ಜೋಲುತ್ತಿವೆ. ಬಿಸಿಲು ಜಾಸ್ತಿಯಾಗಿರಬೇಕು. ಇನ್ನಷ್ಟು ನೀರು ಕಟ್ಟಿದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಮನೆಯವರೆಲ್ಲ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದರು. ನಾನು ಗದ್ದೆಗೆ ಹೋದೆ. ದೂರದಿಂದಲೇ ಕೊಳೆತ ವಾಸನೆ.

ದೊಡ್ಡಪತ್ರೆ ಮುಟ್ಟಿದರೆ ಕೈಯಲ್ಲಿ ಕರಗುತ್ತದೆ. ಲೋಳೆಸರ ಬುಡದಿಂದಲೇ ಕಳಚಿ ಬಂತು, ಒಳಗೆಲ್ಲ ಕೊಳೆತ ನೀರು. ತುಳಸಿ, ದವನ, ಮರುಗ ನಿಂತಲ್ಲೇ ಕಪ್ಪಾಗಿವೆ. ಕೆಳಗಿನ ಮೂಲೆಯ ಬಜೆ ಮತ್ತು ಒಂದೆಲಗ ಮಾತ್ರ ಏನೂ ಆಗದವರ ಹಾಗೆ ನಳನಳಿಸುತ್ತಿವೆ. ಕೆಸರೇ ಅವುಗಳ ಮನೆ.

ಅಣ್ಣ ಹಣೆಗೆ ವಿಭೂತಿ ಬಳಿದುಕೊಂಡು ದೇವಸ್ಥಾನದಿಂದ ನೇರ ಇಲ್ಲಿಗೇ ಬಂದ. ಬೇಲಿಯಾಚೆ ನಿಂತು ನೋಡಿದ.

"ಬತ್ತಕ್ಕೆ ಕಟ್ಟಿದಂಗೆ ನೀರ್ ಕಟ್ಟಿದ್ದೀಯಲ್ಲೋ ಮೂದೇವಿ."

ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಓಗ್ಲಿ ಬುಡ್ಲಾ. ಕಬ್ಬು ಆಕನ."

"ಗೌರಿ ಅಬ್ಬ ಇನ್ನೂ ಬಂದಿಲ್ಲ" ಅಂದೆ.

ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳ ಕೈ ಹಿಡಿದಾಗ ಹೀಗೇ ಇತ್ತು, ಮೆತ್ತಗೆ. ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 1, ಶನಿವಾರ

ಎಲ್ಲಿಗೂ ಹೋಗಲಿಲ್ಲ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಕಾಫಿ ಕೊಡುತ್ತಾ ವೀಣ ಕೇಳಿದಳು, "ಮಾವ, ಅಂಕಮ್ಮನ ಜಗುಲಿ ಪಕ್ಕ ಒಡೆದ ಬಕೆಟ್ ಇದೆಯಲ್ಲ, ಅದ್ರಲ್ಲಿ ಏನಿದೆ ನೋಡಿದ್ದೀರಾ?"

ಜನವರಿಯಲ್ಲಿ ಸೆರಗಿನೊಳಗೆ ಹೋದ ಆ ಕೊಂಬೆ. ಈಗ ಬಕೆಟ್ಟಿನ ಅಂಚು ಮೀರಿ ಕೆಳಗೆ ಇಳಿದಿದೆ, ಒಂದೊಂದು ಎಲೆಯೂ ಅಂಗೈಯಗಲ. ಅವಳ ಗಿಡ. ಬದುಕಿದೆ. ನೇರವಾಗಿ ಎದುರು ಮನೆಗೆ ಹೋದೆ.

"ಅಂಕಮ್ಮ, ಒಂದು ಕೊಂಬೆ ಕೊಡಮ್ಮ, ನೆಡ್ಬೇಕು."

"ಕೊಡಾಕಿಲ್ಲ."

"ಯಾಕೆ?"

"ಕೇಳಿದ್ರಲ್ಲ, ಅದ್ಕೆ." ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಮಲ್ಲಿಗಕ್ಕನ ಗಿಡ ಇದು. ಕೇಳಿದೋರ್ಗೆ ಕೊಟ್ಟು ಸಾಯ್ಸಾಕೆ ನಂಗಿಷ್ಟ ಇಲ್ಲ. ಒಂದ್ಸಲ ಸಾಯ್ಸಿದ್ದೀರಲ್ಲ, ಸಾಲ್ದಾ?"

ಕಪಾಳಕ್ಕೆ ಹೊಡೆದಂತಾಯಿತು. ವಾಪಸು ತಿರುಗಿದೆ. ಅವಳು ಬೆನ್ನ ಹಿಂದಿನಿಂದ ಕೂಗಿದಳು.

"ಬೇಕಿದ್ರೆ ಕದ್ಕೊಂಡೋಗಿ. ನಿಮ್ ಎಂಡ್ರು ಕದೀದೆ ಇರೋ ಮನೆ ಈ ಬೀದೀಲಿ ಇಲ್ಲ. ನಿಮ್ ಗದ್ದೇಲಿ ನಿಂತದಲ್ಲ ಬಜೆ, ಅದು ನಂದು! ನನ್ ಮಗೀಗೆ ತೇಯ್ದು ನೆಕ್ಕಿಸಾಕೆ ಅಂತ ನೆಟ್ಟಿದ್ದೆ, ಎಳ್ಳಷ್ಟೂ ಬುಡ್ದಂಗೆ ಒತ್ಕೊಂಡೋಗಿದ್ಲು. ಪುಣ್ಯಾತ್ಗಿತ್ತಿ, ಆಮೇಲೆ ದಿನಾ ಅವ್ಳೇ ತೇಯ್ದು ತಂದ್ಕೊಡ್ತಿದ್ಲು."

"ನಮ್ಮನೇಲಿ ಕಳ್ರಿಲ್ಲ" ಅಂದೆ.

ಅಂಕಮ್ಮ ನಕ್ಕಳು. ಇದನ್ನು ಬರೆಯುವಾಗಲೂ ನಗುತ್ತಿದ್ದಾಳೆ, ಇಲ್ಲಿಗೇ ಕೇಳುತ್ತಿದೆ.

ಅರವತ್ತರ ಹತ್ತಿರ ಬಂದವನು ಸೊಪ್ಪು ಕದಿಯಬೇಕೇ? ನಾನು ಕದಿಯುವುದಿಲ್ಲ. ಇನ್ನು ಯಾರನ್ನೂ ಕೇಳುವುದೂ ಇಲ್ಲ. ಮಂಡ್ಯದಲ್ಲಿ ನರ್ಸರಿಗಳಿಗೇನು ಬರಗಾಲವೇ?

ಮಾರ್ಚ್ 16, ಭಾನುವಾರ

ಮಂಡ್ಯದಿಂದ ಕಪ್ಪು ಚೀಲಗಳಲ್ಲಿ ಗಿಡ ತಂದೆ. ಎಲೆ ಅದೇ, ವಾಸನೆಯೂ ಅದೇ. "ಚೆನ್ನಾಗಿವೆ ಮಾವ" ಅಂದಳು ವೀಣ. ಚೀಲ ಬಿಚ್ಚಲಿಲ್ಲ. ಯಾರ ಮನೆಯ ಗಿಡಗಳೋ ಏನೋ.

ಮಾರ್ಚ್ 30, ಭಾನುವಾರ, ಯುಗಾದಿ

ಕದ್ದೆ.

ಬೇವುಬೆಲ್ಲ ತಿಂದು, ಹೊಸ ಪಂಚೆ ಉಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬೀದಿಗಿಳಿದೆ. ಅಂಕಮ್ಮ ಜಗುಲಿಯ ಮೇಲೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ನಾನು ಬಕೆಟ್ಟಿನ ಹತ್ತಿರ ನಿಂತೆ. ಅವಳು ನನ್ನನ್ನು ನೋಡಿದಳು, ಟವೆಲ್ಲನ್ನು ನೋಡಿದಳು. ಮೊರ ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತು, ಇಲ್ಲದ ಕೋಳಿಗೆ ಜೋರಾಗಿ ಬೈಯತೊಡಗಿದಳು.

ಬಗ್ಗಿ ಕೊಂಬೆಗೆ ಕೈ ಹಾಕಿದೆ, ಅಷ್ಟರಲ್ಲಿ ಅವಳ ಗಂಡ ಹೊರಗೆ ಬಂದ.

"ಏನ್ ಮರಿಯಣ್ಣ, ಅಬ್ಬ ಜೋರಾ? ಏನ್ ಹುಡುಕ್ತಿದ್ದೀಯಾ?"

"ಲೇ, ಒಳಿಕ್ ಓಗು ನೀನು!" ಅಂದಳು ಅಂಕಮ್ಮ ಗೋಡೆಯ ಕಡೆಗೇ. "ಮನ್ಸ ಕದಿಯಾಕೆ ಬಂದಿರೋದು ಕಾಣಾಕಿಲ್ವಾ?"

ಅವನು ಒಳಗೆ ಓಡಿದ. ನಾನು ಮೂರು ಕೊಂಬೆ ಮುರಿದು ಟವೆಲ್ಲಿಗೆ ಸುತ್ತಿಕೊಂಡೆ. ಸಾವಕಾಶವಾಗಿ ನಡೆಯಬೇಕೆಂದುಕೊಂಡಿದ್ದೆ, ಕಾಲು ಕೇಳಲಿಲ್ಲ. ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಅವಳ ದನಿ ಇಡೀ ಬೀದಿಗೆ ಕೇಳಿಸಿತು. "ಅಯ್ಯಯ್ಯೋ, ಯಾವ್ ಕಳ್ ನನ್ ಮಗಾನೋ ನನ್ ಗಿಡ ಮುರ್ಕೊಂಡೋದ! ಅವ್ನ ಕೈ ಸೇದೋಗಾ!"

ಹೀಗೆ ಬೈದರೆ ಗಿಡ ಇನ್ನೂ ಚೆನ್ನಾಗಿ ಬರುತ್ತದಂತೆ. ವೀಣ ಹೇಳಿದಳು. "ನಗ್ತಿದ್ದೀರಾ ಮಾವ?" ಎಂದೂ ಕೇಳಿದಳು. ನಗುವುದೇನು ಬಂತು. ಓಡಿದ್ದಕ್ಕೆ ದಮ್ಮು ಕಟ್ಟಿತ್ತು.

ಏಪ್ರಿಲ್ 11, ಶುಕ್ರವಾರ

ಈ ಸಲ ಗದ್ದೆಯನ್ನೇ ಬದಲಾಯಿಸಿದ್ದೇವೆ. ಕೆಳಗಿನ ಮೂಲೆ ಬಜೆಗೆ ಮತ್ತು ಒಂದೆಲಗಕ್ಕೆ, ಅಲ್ಲಿ ಎಷ್ಟು ಬೇಕಾದರೂ ಕೆಸರಿರಲಿ. ಉಳಿದಲ್ಲೆಲ್ಲ ಮಣ್ಣು ಏರಿಸಿ ಮೊಣಕಾಲೆತ್ತರದ ದಿಬ್ಬಗಳು. ವೀಣ ಹಗ್ಗ ಹಿಡಿದು ಸಾಲು ನೋಡಿದಳು, ನಾನು ಸನಿಕೆಯಲ್ಲಿ ಮಣ್ಣು ಎಳೆದೆ. ಅಂಕಮ್ಮನ ಮನೆಯ ದೊಡ್ಡಪತ್ರೆ ಮೊದಲನೆಯ ದಿಬ್ಬದಲ್ಲಿ ಬೇರು ಬಿಟ್ಟಿದೆ. ತುಳಸಿ ಮತ್ತು ದವನ ಕೆಳಬೀದಿಯ ಎರಡು ಮನೆಯಿಂದ ಬಂದವು. ಹೇಗೆ ಬಂದವು ಎಂದು ಬರೆಯುವುದಿಲ್ಲ. ಲೋಳೆಸರ ನಮ್ಮ ಮನೆಯ ಗೋಡೆಯಾಚೆಗೇ ಸಿಕ್ಕಿತು, ಅತ್ತಿಗೆಯ ತಿಪ್ಪೆಯ ಪಕ್ಕ. ಅಣ್ಣ ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದ. ಅವನು ತಿರುಗಿಕೊಳ್ಳಲಿಲ್ಲ, ಅವನಿಗೆ ಈ ಪದ್ಧತಿ ತಿಳಿಯದು. ಅವನು ಮುಖ ತೊಳೆಯಲು ಕಣ್ಣು ಮುಚ್ಚುವವರೆಗೆ ಕಾದೆ.

ಮಧ್ಯಾಹ್ನ ನಾಲೆಗೆ ಮತ್ತೆ ನೀರು ಬಂತು. ಎಲ್ಲರೂ ಸನಿಕೆ ಹಿಡಿದು ಓಡಿದರು. ನಾನೂ ಓಡಿದೆ, ತೂಬು ಮುಚ್ಚುವುದಕ್ಕೆ. ಕೆಸರಿನ ಮೂಲೆಗೆ ಒಂದು ಗೇಣು ದಾರಿ ಬಿಟ್ಟು ಉಳಿದದ್ದಕ್ಕೆ ಮಣ್ಣು ಮೆತ್ತಿ ಅದರ ಮೇಲೆ ಕೂತೆ. ಕೈ ಸುಮ್ಮನಿರುವುದಿಲ್ಲ. ಸನಿಕೆಯನ್ನು ವೀಣಳ ಕೈಗೆ ಕೊಟ್ಟು, "ನಾನ್ ಕೇಳಿದ್ರೂ ಕೊಡ್ಬೇಡ" ಅಂದೆ.

ಕೆಳಗಿನ ಗದ್ದೆಯವನು ಬಂದು ನೋಡಿದ. "ನೀರು ಬ್ಯಾಡ ಅನ್ನೋ ಮಂಡ್ಯದೋನ್ನ ಇವತ್ತೇ ಕಣಪ್ಪಾ ನಾನ್ ನೋಡಿದ್ದು."

"ನೋಡ್ಕೊ. ನಾಳೇನೂ ಇಲ್ಲೇ ಕುಂತಿರ್ತೀನಿ."

ಚೊಂಬು ತಂದಿದ್ದೆ. ಒಂದೊಂದು ಬುಡಕ್ಕೆ ಒಂದೊಂದು ಚೊಂಬು. ಸೊಂಟ ಬಿದ್ದುಹೋಯಿತು. ಅವಳು ಹಾಡಿಕೊಂಡು ಹಾಕುತ್ತಿದ್ದಳು. ಹೇಗೆ ಸಾಧ್ಯವಾಗುತ್ತಿತ್ತೋ.

ಏಪ್ರಿಲ್ 29, ಮಂಗಳವಾರ

ನಾಗರಾಜು ಡೈರಿಯಿಂದ ಬಂದವನೇ ಕೇಳಿದ. "ಅಪ್ಪಾ, ನೀನು ಊರಲ್ಲೆಲ್ಲಾ ಕದೀತಿದ್ದೀಯಂತೆ? ಹಾಲು ಹಾಕೋಕೆ ಬಂದೋರೆಲ್ಲಾ ನಗ್ತಾವ್ರೆ."

"ಊಂ. ನಿಮ್ಮವ್ವನೂ ಕದ್ದವ್ಳೇ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೊಟ್ಟಿಗೆಯಿಂದ ಎರಡು ಮಂಕರಿ ಗೊಬ್ಬರ ಹೊತ್ತುಕೊಂಡು ಗದ್ದೆಗೆ ಬಂದ. ಏನೂ ಮಾತಾಡಲಿಲ್ಲ. ಆ ವಿಷಯದಲ್ಲಿ ನನ್ನ ಹಾಗೆ.

ಜೂನ್ 8, ಭಾನುವಾರ

ಎಲ್ಲಾ ಬಂದವು, ಮರುಗ ಮಾತ್ರ ಬಂದಿರಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲ. "ಅದು ಅವ್ಳ ತವರಿಂದು. ಬಂಡೂರಿಗೆ ಓಗಿ" ಅಂದಿದ್ದಳು ಅಂಕಮ್ಮ. ಮಲ್ಲಿಗಮ್ಮ ತೀರಿಕೊಂಡ ಮೇಲೆ ಬಂಡೂರಿನ ಕಡೆ ತಲೆ ಹಾಕಿರಲಿಲ್ಲ. ಇವತ್ತು ಮದ್ದೂರಿನಲ್ಲಿ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಬದಲಾಯಿಸಿಕೊಂಡು ಹೋದೆ.

ಅವಳ ಅಕ್ಕ ಮರಿತಾಯಮ್ಮ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಗಿಡ್ಡ ಕಾಲಿನ, ದುಂಡು ಮೈಯ ಬಂಡೂರು ಕುರಿಗಳು, ಮನೆಯ ತುಂಬ ಅವೇ. ನನ್ನನ್ನು ಕಂಡು ಸ್ವಲ್ಪ ಅತ್ತರು. ಊಟ ಹಾಕಿದರು. ಮರುಗದ ಮಾತನ್ನು ನಾನು ಎತ್ತಲಿಲ್ಲ, ಎತ್ತಿದರೆ ಕೆಡುತ್ತದೆ. ಕಣ್ಣಲ್ಲೇ ಅಂಗಳವೆಲ್ಲ ಹುಡುಕಿದೆ. ಬಾವಿಕಟ್ಟೆಯ ಹತ್ತಿರ ಒಂದು ಮೋಟು ಬುಡ, ಅದರಲ್ಲಿ ಒಂದೇ ಒಂದು ಕವಲು ಕೊಂಬೆ.

ಅವರು ನನ್ನ ಕಣ್ಣು ಹೋದ ಕಡೆ ನೋಡಿದರು. "ಉಳಿದಿದ್ದೆಲ್ಲಾ ಕುರಿ ತಿಂದ್ಕಂಡ್ವು ಕಣಪ್ಪ. ನಮ್ಮವ್ವ ನೆಟ್ಟಿದ್ ಗಿಡ. ಮದ್ವೆ ದಿನ ನಿಮ್ ದಿಬ್ಬಣದ ಬಸ್ಸು ಅತ್ತೋಕ್ ಮುಂಚೆ ನಿನ್ ಎಂಡ್ರು ಅದ್ರಲ್ಲಿ ಒಂದ್ ಕೊಂಬೆ ಮುರ್ದು ಸೀರೆ ನೆರಿಗೇಲಿ ಮಡಿಕ್ಕಂಡಿದ್ಲು. ಎಲ್ರೂ ಅಳ್ತಿದ್ರೆ ಇವ್ಳು ಕದೀತಿದ್ಲು. ನಾವ್ ಕಂಡ್ರೂ ಕಾಣ್ದಂಗಿದ್ದೋ."

ಬಸ್ಸಿನಲ್ಲಿ ಅವತ್ತು ಪಕ್ಕದಲ್ಲಿ ಕೂತಾಗ ಮರುಗದ ವಾಸನೆ ಬಂದಿತ್ತು. ಮುಡಿಯಲ್ಲಿದೆ ಎಂದುಕೊಂಡಿದ್ದೆ.

"ಇದೊಂದೇ ಉಳ್ದಿರೋದು ಅಕ್ಕ" ಅಂದೆ.

"ನನ್ ಬೆನ್ನಿಗೆ ಕಣ್ಣಿಲ್ಲ ಕಣಪ್ಪ" ಎಂದು ಅವರು ಕುರಿಗಳ ಕಡೆ ತಿರುಗಿದರು.

ಕವಲಿನಲ್ಲಿ ಒಂದನ್ನು ಮಾತ್ರ ಮುರಿದೆ. ಅವರು ಬೈಯಲು ಬಾಯಿ ತೆಗೆದರು. ಕೊನೆಗೆ ಒಂದು ಕುರಿಯನ್ನು ಹಿಡಿದು ಅದಕ್ಕೆ ಬೈದರು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಮರುಗ ಅಲ್ವಾ?" ಎಂದು ಕೇಳಿದಳು. ಹೌದು, ನನ್ನ ಹೆಂಡತಿಯದು ಅಂದೆ. ಆಮೇಲೆ ಏನೇನು ಮಾತಾಡಿದೆನೋ ನೆನಪಿಲ್ಲ, ಮಳವಳ್ಳಿ ಬಿಟ್ಟಾಗ ಶುರುವಾಗಿದ್ದು, ನೋಡಿದರೆ ಮದ್ದೂರು ಬಂದಿತ್ತು. "ಬಾಯಿ ನೋಯ್ಲಿಲ್ವಾ ನಿಮ್ಗೆ?" ಎಂದು ನಕ್ಕು ಇಳಿದುಹೋದಳು. ಮನೆಗೆ ಬಂದು ಟವೆಲ್ಲು ಬಿಚ್ಚಿದರೆ ಕೊಂಬೆಯ ಒಂದು ಚಿಗುರು ಇಲ್ಲ. ಕಳ್ಳಿ. ಇರಲಿ, ಅಲ್ಲೂ ಬೇರು ಬಿಡಲಿ.

ಜುಲೈ 20, ಭಾನುವಾರ

ಬಹಳ ದಿನವಾಯಿತು ಇದನ್ನು ತೆರೆದು. ಬರೆಯಬೇಕೆಂದು ಕೂರುತ್ತೇನೆ, ಅಷ್ಟರಲ್ಲಿ ಯಾರಾದರೂ ಬರುತ್ತಾರೆ. ಅವರ ಹತ್ತಿರ ಆಡಿದ್ದನ್ನೇ ಮತ್ತೆ ಬರೆಯುವುದೇಕೆ.

ಒಂದೆಲಗದ ಮೊದಲ ಕಂತೆಗಳನ್ನು ಕಟ್ಟಿ ವೀಣ ಮದ್ದೂರಿಗೆ ಹೋಗಿ ಬಂದಳು. ಗ್ರಂಧಿಗೆ ಅಂಗಡಿಯವನು ವಾರಕ್ಕೊಮ್ಮೆ ತಪ್ಪದೆ ತಂದುಕೊಡಿ ಅಂದನಂತೆ. ಹೂವಿನವರು ದವನ ಕೇಳಿದ್ದಾರೆ. ಮಂಡ್ಯದ ನರ್ಸರಿಯ ಕಪ್ಪು ಚೀಲಗಳನ್ನು ಬಿಚ್ಚಿ ಅವನ್ನೂ ಕೊನೆಯ ದಿಬ್ಬದಲ್ಲಿ ನೆಟ್ಟೆವು. ಪಾಪ, ಎಷ್ಟು ದಿನ ಚೀಲದಲ್ಲಿರುತ್ತವೆ.

ಮರುಗ ನಾಲ್ಕು ಎಲೆ ಬಿಟ್ಟಿದೆ.

ಆಗಸ್ಟ್ 25, ಸೋಮವಾರ

ನಾಳೆ ಗೌರಿ ಹಬ್ಬ. ಅಣ್ಣ ಬರುತ್ತಾನೆಂದು ಗೊತ್ತಿತ್ತು. ಬೆಳಿಗ್ಗೆಯಿಂದ ಗದ್ದೆಯಲ್ಲೇ ಇದ್ದೆ. ಏನಾದರೂ ಆಗಲಿ, ಕಬ್ಬು ನೆಡಲು ಬಂದರೆ ದಿಬ್ಬದ ಮೇಲೆ ಅಡ್ಡ ಮಲಗುವುದೆಂದು ತೀರ್ಮಾನ ಮಾಡಿದ್ದೆ. ವೀಣ, "ನಾನೂ ಮಲ್ಗ್ತೀನಿ ಮಾವ, ಆದ್ರೆ ಅಡಿಗೆ ಮುಗ್ಸಿ ಬರ್ತೀನಿ" ಅಂದಿದ್ದಳು.

ಹೊತ್ತು ಏರಿದ ಮೇಲೆ ಅಣ್ಣ ಬಂದ. ಹಿಂದೆ ಆಳುಗಳಿರಲಿಲ್ಲ. ಮೂಲೆಯಲ್ಲಿ ಮುಳ್ಳು ಸರಿಸಿ, ಮಂಡಿ ಹಿಡಿದುಕೊಂಡು ಬೇಲಿ ದಾಟಿ ಒಳಗೆ ಬಂದ.

"ಏನ್ಲಾ."

"ಏನಣ್ಣ."

"ನಾಳೆ ಗೌರಿ ಅಬ್ಬ."

"ಊಂ."

ದಿಬ್ಬಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದ. ಬಜೆಯ ಹತ್ತಿರ ನಿಂತ. ಇಲ್ಲದ ಕಳೆಯೊಂದನ್ನು ಕಿತ್ತು ಎಸೆದ. ನಾನು ಅವನ ಹಿಂದೆಯೇ ಹೋಗಿ ಕೇಳಿದೆ.

"ಬೆಳೆ ಅನ್ನಂಗೆ ಕಾಣ್ತದಾ?"

ಅವನು ಮುಂದೆ ನಡೆದ. ದೊಡ್ಡಪತ್ರೆಯ ದಿಬ್ಬದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. "ಮೊಮ್ಮಗೀಗೆ ಕೆಮ್ಮು. ದಿನಾ ಸೊಪ್ಪಿಗೆ ಅಂತ ಇಲ್ಲಿಗಂಟ ಬರಾಕಾಯ್ತದಾ, ಮನೆ ಮುಂದೇನೇ ಒಂದ್ ಬುಡ ಇರ್ಲಿ ಅಂತಾವ್ಳೆ ನಿಮ್ಮತ್ಗೆ. ಒಂದ್ ಕೊಂಬೆ ಕೊಡು."

"ಕೊಡಾಕಿಲ್ಲ."

ಅಣ್ಣನಿಗೆ ಇಲ್ಲ ಅಂದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅವನ ಮುಖ ಕೆಂಪಾಯಿತು.

"ಏನಂದ್ಲಾ?"

"ಕೇಳಿದ್ರೆ ಕೊಡಾಕಿಲ್ಲ ಕಣಣ್ಣ" ಅಂದು, ಬದುವಿಗೆ ಹೋಗಿ ನಾಲೆಯ ಕಡೆ ಮುಖ ಮಾಡಿ ಕೂತೆ.

ಹಿಂದೆ ಬಹಳ ಹೊತ್ತು ಸದ್ದೇ ಇಲ್ಲ. ಹೊರಟುಹೋದನೇನೋ ಎಂದುಕೊಂಡೆ. ತಿರುಗಿ ನೋಡುವ ಹಾಗಿಲ್ಲ. ನಾಲೆಯಲ್ಲಿ ನೀರು ತುಂಬಿ ಹೋಗುತ್ತಿತ್ತು, ಅದನ್ನೇ ನೋಡಿದೆ. ಆಮೇಲೆ ಅಣ್ಣ ಒಮ್ಮೆ ಕೆಮ್ಮಿದ. ಆಮೇಲೆ ಕೊಂಬೆ ಮುರಿದ ಸದ್ದು, ಚಟ್ ಎಂದು. ಇನ್ನೊಂದು. ಆಸೆಬುರುಕ, ಮೂರನೆಯದನ್ನೂ ಮುರಿದ.

ಅವನು ಬೇಲಿ ದಾಟುವವರೆಗೆ ತಡೆದುಕೊಂಡೆ. ಪಂಚೆ ಮುಳ್ಳಿಗೆ ಸಿಕ್ಕಿ ಹರಿದದ್ದು ಕೇಳಿಸಿತು. ಆಗ ಎದ್ದು ನಿಂತು, ನನಗಿದ್ದ ಗಂಟಲನ್ನೆಲ್ಲ ಬಿಟ್ಟು ಕೂಗಿದೆ.

"ಯಾವ್ ಕಳ್ ನನ್ ಮಗಾನ್ಲಾ ಅದು, ನನ್ ಗಿಡ ಮುರ್ಕೊಂಡೋಯ್ತಿರೋನು! ಅವ್ನ ಕೈ ಸೇದೋಗಾ!"

ಕೆಳಗಿನ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತರು. ಅಣ್ಣ ಟವೆಲ್ಲನ್ನು ಕಂಕುಳಲ್ಲಿ ಒತ್ತಿ ಹಿಡಿದು, ಕುಂಟುತ್ತಾ, ಓಡುತ್ತಿದ್ದ. ಅವನು ಓಡಿದ್ದನ್ನು ನಾನು ನೋಡಿರುವುದು ಚಿಕ್ಕಂದಿನಲ್ಲೇ. ಹೆಂಗಸರು ಕೇಕೆ ಹಾಕಿದರು. ಅವನು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಕಬ್ಬಿನ ಮಾತನ್ನೂ ಎತ್ತಲಿಲ್ಲ.

ವೀಣ ಬಾಗಿನಕ್ಕೆ ಮರುಗ ಕೇಳಿದ್ದಾಳೆ, ಬೆಳಿಗ್ಗೆ ಎರಡು ಕುಡಿ ಚಿವುಟಿ ಕೊಡಬೇಕು. ಬೇಲಿಯ ಆ ಮೂಲೆಯ ಮುಳ್ಳನ್ನು ನಾಳೆಯೇ ತೆಗೆದುಹಾಕಬೇಕು. ಅಣ್ಣನಿಗೆ ಮಂಡಿ ನೋವು, ಮತ್ತೆ ಬರುವಾಗ ದಾಟಲು ಕಷ್ಟವಾಗುತ್ತದೆ.